ಎಡಗೈಗೆ ಕೆಲಸ ಸಿಕ್ಕಿದ ಕಥೆ

ಹೊಳೆನರಸೀಪುರದ ನನ್ನ ಮಾಮು ವೃತ್ತಿಯಿಂದ ದರ್ಜಿ. ಹಗಲೆಲ್ಲ ಹೊಲಿಗೆ ಮಿಷಿನ್ ತುಳಿದು ರಾತ್ರಿ ಹಾರ್ಮೋನಿಯಂ ಮುಂದೆ ಕೂರುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಕೊಲ್ಲಿಗೆ ದುಡಿಯಲು ಹೋಗಿದ್ದ ಬಂಧುವೊಬ್ಬರು ಒಂದು ಕ್ಯಾಸಿಯೊ ತಂದುಕೊಟ್ಟರು. ಹಾರ್ಮೋನಿಯಂ ಅಟ್ಟಕ್ಕೆ ಹೋಯಿತು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಗಣೇಶೋತ್ಸವ, ರಾಜ್ಯೋತ್ಸವ, ಮದುವೆ, ಉರುಸುಗಳಲ್ಲಿ ಆರ್ಕೆಸ್ಟ್ರಾ ಇದ್ದರೆ ಕೀಬೋರ್ಡಿಗೆ ಅವರನ್ನು ಕರೆಯುವುದು ರೂಢಿಯಾಗಿತ್ತು. ಆರ್ಕೆಸ್ಟ್ರಾ ಕಾರ್ಯಕ್ರಮಗಳು ಕಡಿಮೆಯಾದ ಮೇಲೆ, ಕೀಬೋರ್ಡ್ ಕಲಿಸುವವರು ಬೇಕೆಂಬ ಸುದ್ದಿ ಕೇಳಿ ಒಂದು ಖಾಸಗಿ ಶಾಲೆಗೆ ಸಂದರ್ಶನಕ್ಕೆ ಹೋದರು. ಅಲ್ಲಿ ಮೂರು ಪ್ರಶ್ನೆ ಕೇಳಿದರಂತೆ. ಯಾರ ಹತ್ತಿರ ಕಲಿತಿರಿ? ಯಾವ ಪರೀಕ್ಷೆ ಪಾಸಾಗಿದೆ? ನೊಟೇಷನ್ ಓದಲು ಬರುತ್ತದೆಯೇ? ಮೂರಕ್ಕೂ ಮಾಮು ಇಲ್ಲ ಎಂದರು. ‘ನುಡಿಸಿ ತೋರಿಸಿ’ ಎಂದು ಯಾರೂ ಹೇಳಲಿಲ್ಲ. ಕೀಬೋರ್ಡಿನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದರು. ಅದರ ಜಿಪ್ಪನ್ನೇ ತೆಗೆದಿರಲಿಲ್ಲ.

ಆ ಶಾಲೆಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮಕ್ಕಳ ಫೀಜು ತೆಗೆದುಕೊಳ್ಳುವವರು ಅರ್ಹತೆ ಕೇಳುವುದು ತಪ್ಪಲ್ಲ. ನನ್ನನ್ನು ಕಾಡಿದ್ದು ಮೊದಲನೆಯ ಪ್ರಶ್ನೆ. ಗುರುಮುಖೇನ ಕಲಿತವರು ಮತ್ತು ತಾವೇ ಕಲಿತವರು ಎಂದು ನಾವು ಸಲೀಸಾಗಿ ಎರಡು ಗೆರೆ ಎಳೆಯುತ್ತೇವಲ್ಲ, ಕಪ್ಪು ಬಿಳಿ ಮನೆಗಳ ಈ ವಾದ್ಯದ ಮಟ್ಟಿಗೆ ಆ ಗೆರೆ ಎಲ್ಲಿಂದ ಬಂತು? ಅದು ನಿಜವಾಗಿ ಯಾವುದನ್ನು ಬೇರ್ಪಡಿಸುತ್ತದೆ? ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡಿದರೆ ಇದಕ್ಕೆ ಒಂದೂವರೆ ಶತಮಾನದ ಚರಿತ್ರೆ ಇರುವುದು ಕಾಣುತ್ತದೆ.

ತಿದಿ ಒತ್ತುವ ಕೈ

ಹಾರ್ಮೋನಿಯಂ ನಮ್ಮ ದೇಶದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆಯ್ನ್ 1840ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದು ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ತುಳಿದು ಎರಡೂ ಕೈಯಲ್ಲಿ ನುಡಿಸುವ ವಾದ್ಯ. ಚರ್ಚುಗಳ ಮೂಲಕ ಭಾರತಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವರಿಗೆ ಹೊಂದುವಂತೆ ಮಾರ್ಪಡಿಸಿದರು. ತಿದಿ ಹಿಂಭಾಗಕ್ಕೆ ಬಂತು, ಅದನ್ನು ಒತ್ತುವ ಕೆಲಸ ಎಡಗೈಗೆ ಬಿತ್ತು, ನುಡಿಸಲು ಬಲಗೈಯೊಂದೇ ಉಳಿಯಿತು.

ಇದೊಂದು ಚಿಕ್ಕ ಬದಲಾವಣೆ ಅನಿಸಬಹುದು. ಆದರೆ ಮುಂದಿನ ನೂರು ವರ್ಷ ನಮ್ಮ ದೇಶದಲ್ಲಿ ಈ ಮನೆಗಳ ಮೇಲೆ ಬೆರಳಿಟ್ಟ ಬಹುಪಾಲು ಜನ ಒಂದೇ ಕೈಯಲ್ಲಿ ಕಲಿತರು. ನಮ್ಮ ಸಂಗೀತಕ್ಕೆ ಅದು ಕೊರತೆಯಾಗಲಿಲ್ಲ, ಏಕೆಂದರೆ ನಮ್ಮದು ಒಂದೇ ಎಳೆಯಲ್ಲಿ ಸಾಗುವ ಸಂಗೀತ. ಒಂದು ಸ್ವರದ ಜೊತೆಗೆ ಇನ್ನೆರಡು ಸ್ವರ ಸೇರಿಸಿ ಕಾರ್ಡ್ ಕಟ್ಟುವ ಅಗತ್ಯ ಪಾಶ್ಚಾತ್ಯರಿಗಿತ್ತು, ನಮಗಿರಲಿಲ್ಲ.

ಹಳೇ ಮೈಸೂರು ಸೀಮೆಯ ಹಳ್ಳಿಗಳಿಗೆ ಹಾರ್ಮೋನಿಯಂ ತಂದದ್ದು ನಾಟಕ. ಗುಬ್ಬಿ ವೀರಣ್ಣನವರ ಕಂಪನಿಯಂತಹ ವೃತ್ತಿ ಮಂಡಳಿಗಳಲ್ಲಿ ರಂಗದ ಬದಿಗೆ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಕಂಪನಿ ನಾಟಕದ ಮಟ್ಟುಗಳು ಕಂಪನಿ ಬಿಟ್ಟು ಬಂದವರ ಜೊತೆ ಹಳ್ಳಿಗೆ ಹರಿದವು. ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಊರಿನವರು ಸೇರಿ ‘ಕುರುಕ್ಷೇತ್ರ’ ಆಡಬೇಕೆಂದರೆ ಮೊದಲು ಗೊತ್ತು ಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ಹೆಸರಿಗೆ ಅವರು ವಾದ್ಯ ನುಡಿಸುವವರು, ಕೆಲಸದಲ್ಲಿ ಅವರೇ ನಿರ್ದೇಶಕರು. ಭೀಮನ ಪಾತ್ರಕ್ಕೆ ಬಂದ ರೈತನ ಕಂಠ ಯಾವ ಶ್ರುತಿಗೆ ಏರುತ್ತದೆ, ಕೃಷ್ಣನ ಪಾತ್ರಧಾರಿ ಯಾವ ಮನೆಯಲ್ಲಿ ಕೆಟ್ಟು ಹೋಗುತ್ತಾನೆ, ಯಾವ ಕಂದಕ್ಕೆ ಯಾವ ರಾಗ ಒಪ್ಪುತ್ತದೆ ಎಂಬುದನ್ನೆಲ್ಲ ನಿರ್ಧರಿಸುವವರು. ಓದು ಬಾರದವನಿಗೂ ಎರಡು ಮೂರು ತಿಂಗಳ ತಾಲೀಮಿನಲ್ಲಿ ಹತ್ತಾರು ವೃತ್ತ, ಕಂದ, ಸೀಸಪದ್ಯಗಳನ್ನು ಬಾಯಿಪಾಠ ಮಾಡಿಸುವವರು. ನಾಟಕ ಅಕಾಡೆಮಿಯ ಪ್ರಶಸ್ತಿ ಪಟ್ಟಿಗಳಲ್ಲಿ ಇಂಥವರ ಹೆಸರು ಆಗಾಗ ಬರುತ್ತದೆ. ಕಂಪನಿ ಹಾರ್ಮೋನಿಯಂನಿಂದಲೇ ಬೆಳೆದು ರಂಗಸಂಗೀತದ ದೊಡ್ಡ ಹೆಸರಾದ ಆರ್. ಪರಮಶಿವನ್ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಗೌರವವೂ ಸಂದಿದೆ.

ನನ್ನ ಮಾಮು ಕಲಿತದ್ದು ಇಂಥ ಒಬ್ಬ ಮೇಷ್ಟ್ರ ಬದಿಯಲ್ಲಿ ಕೂತು. ನಾಟಕದ ದಿರಿಸು ಹೊಲಿಯಲು ಹೋದ ಹುಡುಗ ತಾಲೀಮಿನ ಮನೆಯಲ್ಲಿ ಕೂತ. ಹೊಲಿಗೆ ಮಿಷಿನ್ ತುಳಿದು ಪಳಗಿದ ಕಾಲಿಗೆ ಲೆಗ್ ಹಾರ್ಮೋನಿಯಂ ಕಷ್ಟವಾಗಲಿಲ್ಲ. ಪಾಠ ಎಂಬುದೇನೂ ಇರಲಿಲ್ಲ. ‘ನೋಡ್ಕೋ’ ಎನ್ನುತ್ತಿದ್ದರಂತೆ, ಅಷ್ಟೇ. ಮಾಮುವಿಗೆ ರಾಗದ ಹೆಸರು ಗೊತ್ತಿದ್ದದ್ದು ಕಡಿಮೆ. ಆದರೆ ‘ದ್ರೌಪದಿ ಅಳುವ ಮಟ್ಟು’, ‘ಕರ್ಣ ಹುಟ್ಟು ತಿಳಿಯುವ ಮಟ್ಟು’ ಎಂದರೆ ಬೆರಳು ತಾನೇ ಸರಿಯಾದ ಮನೆಗೆ ಹೋಗುತ್ತಿತ್ತು.

ರುದ್ರಪಟ್ಟಣದ ದಾರಿ

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೊರಟು, ಕಾವೇರಿ ದಡದ ರಾಮನಾಥಪುರದ ಸೀಮೆಗೆ ಬಂದರೆ ರುದ್ರಪಟ್ಟಣ ಸಿಗುತ್ತದೆ. ಅರಕಲಗೂಡು ತಾಲ್ಲೂಕಿನ ಈ ಸಣ್ಣ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟಷ್ಟು ಹೆಸರುಗಳನ್ನು ದೊಡ್ಡ ಪಟ್ಟಣಗಳೂ ಕೊಟ್ಟಿಲ್ಲ. 2011ರಲ್ಲಿ ಪದ್ಮಭೂಷಣ ಪಡೆದ ಆರ್.ಕೆ. ಶ್ರೀಕಂಠನ್ (1920–2014) ಇಲ್ಲಿಯವರು. ರುದ್ರಪಟ್ಟಣಂ ಸಹೋದರರೆಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಈ ಊರಿನ ಮನೆತನದವರು. ಆರ್.ಕೆ. ಪದ್ಮನಾಭ ಅವರು ಊರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರ ಕಟ್ಟಿಸಿ ವರ್ಷವರ್ಷ ಸಂಗೀತೋತ್ಸವ ನಡೆಸಿಕೊಂಡು ಬಂದರು.

ಇಲ್ಲಿಯ ಕಲಿಕೆಯ ಕ್ರಮವೇ ಬೇರೆ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಆಮೇಲೆ ಕೃತಿ. ಗುರು ಹಾಡಬೇಕು, ಶಿಷ್ಯ ಕೇಳಿ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ಸಂಗೀತ ಮನೆಯ ಮಾತಿನ ಹಾಗೆ ಕಿವಿಗೆ ಬಿದ್ದು ಬೆಳೆದ ಮಕ್ಕಳು ಅವರು. ಈ ಸಂಗೀತದ ಜೀವ ಗಮಕದಲ್ಲಿದೆ. ತೋಡಿ ರಾಗದ ಗಾಂಧಾರವನ್ನು ಯಾವ ವಿದ್ವಾಂಸರೂ ಒಂದು ಜಾಗದಲ್ಲಿ ನಿಲ್ಲಿಸಿ ಹಾಡುವುದಿಲ್ಲ. ಅದು ತೂಗಬೇಕು. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ, ಬಿಟ್ಟರೆ ಮೌನ. ಎರಡು ಮನೆಗಳ ನಡುವಿನ ಜಾರುದಾರಿ ಅದಕ್ಕಿಲ್ಲ. ಸ್ವರದ ಜಾಗವೂ ಸ್ವಲ್ಪ ತಪ್ಪು. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ 100 ಸೆಂಟ್ಸ್ ಎಂದು ಲೆಕ್ಕ ಹಿಡಿದರೆ ಅಂತರ ಗಾಂಧಾರದ ಮನೆ ಬರುವುದು 400ಕ್ಕೆ. ತಂಬೂರಿಯ ನಾದದೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ ಇರುವುದು ಸುಮಾರು 386ಕ್ಕೆ. ಬೇರೆಯವರಿಗೆ ಈ 14 ಸೆಂಟ್ಸ್ ಏನೂ ಅಲ್ಲ, ತಂಬೂರಿಯಲ್ಲಿ ಪಳಗಿದ ಕಿವಿಗೆ ಮುಳ್ಳು.

ಹಾಗಾಗಿ ಹಾರ್ಮೋನಿಯಂ ಕರ್ನಾಟಕ ಸಂಗೀತದ ಕಛೇರಿಯ ಹೊರಗೆ ನಿಂತಿತು. ವಿದೇಶಿ ಎಂಬುದು ಅದಕ್ಕೆ ಕಾರಣವಲ್ಲ. ಪಿಟೀಲೂ ಯುರೋಪಿನದೇ, ಅದನ್ನು ಮನೆಮಗನಂತೆ ಸೇರಿಸಿಕೊಂಡರು. ತಂತಿಯ ಮೇಲೆ ಬೆರಳು ಜಾರುತ್ತದೆ, ಗಮಕ ಬರುತ್ತದೆ. ಆಕ್ಷೇಪಕ್ಕೆ ಸಂಗೀತದ ಒಳಗಿನ ಆಧಾರವೇ ಇತ್ತು ಎಂಬುದನ್ನು ಒಪ್ಪಬೇಕು. ಆದರೆ ಒಂದು ತಮಾಷೆಯೂ ಇದೆ. ಹಾಡುಗಾರರನ್ನು ‘ನಿಮ್ಮ ಶ್ರುತಿ ಎಷ್ಟು?’ ಎಂದು ಕೇಳಿ ನೋಡಿ. ಒಂದು, ಒಂದೂವರೆ, ಐದು, ಐದೂವರೆ ಎನ್ನುತ್ತಾರೆ. ಈ ಲೆಕ್ಕ ಬಂದದ್ದು ಹಾರ್ಮೋನಿಯಂ ಮನೆಗಳಿಂದ. ಬಿಳಿ ಮನೆಗೆ ಇಡೀ ಸಂಖ್ಯೆ, ನಡುವಿನ ಕಪ್ಪಿಗೆ ಅರ್ಧ. ಕಛೇರಿಯ ಒಳಗೆ ಬಿಟ್ಟುಕೊಳ್ಳದ ವಾದ್ಯದ ಅಳತೆಗೋಲು ಮಾತ್ರ ವಿದ್ವಾಂಸರ ನಾಲಗೆಯ ಮೇಲೆ ಉಳಿದಿದೆ.

ಆಕಾಶವಾಣಿಯ ನಿಷೇಧ

ಗೆರೆಗೆ ಸರಕಾರಿ ಮೊಹರು ಬಿದ್ದದ್ದು 1940ರಲ್ಲಿ. ದೆಹಲಿ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಇಂಗ್ಲಿಷ್ ಸಂಗೀತಕಾರ ಜಾನ್ ಫೌಲ್ಡ್ಸ್ 1938ರಲ್ಲಿ ಹಾರ್ಮೋನಿಯಂ ವಿರುದ್ಧ ಕಟುವಾಗಿ ಬರೆದರು. ರವೀಂದ್ರನಾಥ ಠಾಕೂರರೂ ಅದನ್ನು ರೇಡಿಯೊದಿಂದ ಕೈಬಿಡುವಂತೆ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದರು. 1940ರ ಮಾರ್ಚಿ 1ರಿಂದ ಆಲ್ ಇಂಡಿಯಾ ರೇಡಿಯೊದಲ್ಲಿ ಹಾರ್ಮೋನಿಯಂ ನಿಷೇಧವಾಯಿತು. ಬ್ರಿಟಿಷರು ಹೋದರೂ ನಿಷೇಧ ಹೋಗಲಿಲ್ಲ. ಪಕ್ಕವಾದ್ಯವಾಗಿ ಅದಕ್ಕೆ ಮತ್ತೆ ಬಾಗಿಲು ತೆರೆದದ್ದು 1971ರಲ್ಲಿ.

ಮೂವತ್ತು ವರ್ಷ ಎಂದರೆ ಒಂದು ತಲೆಮಾರು. ಆಗ ಕಲಾವಿದ ಎಂಬ ಹೆಸರು, ಮಾಸಿಕ ಸಂಬಳ, ಊರಿನಲ್ಲಿ ಮರ್ಯಾದೆ ಎಲ್ಲ ಆಕಾಶವಾಣಿಯ ಆಡಿಷನ್ ಮೇಲೆ ನಿಂತಿದ್ದ ಕಾಲ. ಕಛೇರಿಯವರಿಗೆ ಪಿಟೀಲು, ವೀಣೆ, ಕೊಳಲಿದ್ದುದರಿಂದ ಆದೇಶ ಅವರಿಗೆ ತಟ್ಟಲಿಲ್ಲ. ಹಾರ್ಮೋನಿಯಂ ಬಿಟ್ಟರೆ ಬೇರೆ ಬಂಡವಾಳವಿಲ್ಲದ ನಾಟಕದ ಮೇಷ್ಟ್ರಿಗೆ ಮಾತ್ರ ಆ ಬಾಗಿಲು ಮುಚ್ಚಿತು. ಅವರ ಬಳಿ ಇದ್ದ ವಿದ್ಯೆ ವಿದ್ಯೆಯಲ್ಲ ಎಂದು ಸರಕಾರವೇ ಹೇಳಿದಂತಾಯಿತು. ನಾಟಕ, ಭಜನೆ, ಖವ್ವಾಲಿ, ಗುರುದ್ವಾರದ ಕೀರ್ತನೆಗಳಲ್ಲಿ ಜನ ಹಾರ್ಮೋನಿಯಂ ನುಡಿಸುತ್ತಲೇ ಇದ್ದರು ಎಂಬುದು ಬೇರೆ ಮಾತು. ಈ ವಾದ ಇಂದಿಗೂ ತಣ್ಣಗಾಗಿಲ್ಲ. ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಿಂದ ಹಾರ್ಮೋನಿಯಂ ತೆಗೆದು ತಂತಿವಾದ್ಯ ತರಬೇಕೆಂದು 2022ರಲ್ಲಿ ಅಕಾಲ್ ತಖ್ತ್ ಸೂಚಿಸಿತು.

ನಮ್ಮದೇ ರಾಜ್ಯದ ಉತ್ತರ ಭಾಗದಲ್ಲಿ ಚಿತ್ರ ಬೇರೆ. ಹಿಂದೂಸ್ತಾನಿ ಗಾಯನಕ್ಕೆ ಅಲ್ಲಿ ಹಾರ್ಮೋನಿಯಂ ಸಾಥ್ ಸಹಜ. ಬೆಳಗಾವಿಯ ಪಂ. ರಾಮಭಾವು ವಿಜಾಪುರೆ (1917–2010) ಹಾರ್ಮೋನಿಯಂನಿಂದಲೇ ಪಂಡಿತರೆನಿಸಿದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಅವರು ಗಂಗೂಬಾಯಿ ಹಾನಗಲ್ಲರಿಗೆ ಕಲಿಸಿದರು. ಅಲ್ಲಿ ಗುರು ಮುಸ್ಲಿಮನಾಗಿರುವುದು, ಶಿಷ್ಯ ಯಾವ ಜಾತಿಯಾದರೂ ಆಗಿರುವುದು ವಿಶೇಷವೆನಿಸಲಿಲ್ಲ. ಮೈಸೂರು ಅರಮನೆಯೂ ಉಸ್ತಾದ್ ಫಯ್ಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’ ಬಿರುದು ಕೊಟ್ಟಿತ್ತು. ಆದರೆ ಅದು ಅರಮನೆಯೊಳಗಿನ ಮಾತು. ಹೊಳೆನರಸೀಪುರದ ದರ್ಜಿ ಬೀದಿಯ ಹುಡುಗನಿಗೆ ಹತ್ತಿರದಲ್ಲಿ ಉಸ್ತಾದರಿರಲಿಲ್ಲ. ಅಗ್ರಹಾರದ ಸಂಗೀತದ ಮನೆಯ ಬಾಗಿಲು ತಟ್ಟುವ ಧೈರ್ಯ ಅವನಿಗಾಗಲಿಲ್ಲ. ತಟ್ಟಿದ್ದರೆ ತೆರೆಯುತ್ತಿತ್ತೋ ಏನೋ, ಅದನ್ನು ಈಗ ಹೇಳಲಾರೆ. ಇತ್ತ ಮನೆಯಲ್ಲಿ ನನ್ನ ನಾನಾ ಅವರಿಗೆ ಬಾಜಾ ಬಜಂತ್ರಿ ಸೇರುತ್ತಿರಲಿಲ್ಲ. ಮಗ ಹಾರ್ಮೋನಿಯಂ ಹಿಡಿದದ್ದು ಗೊತ್ತಾದ ದಿನ ಊಟ ಬಿಟ್ಟು ಎದ್ದು ಹೋದರಂತೆ. ಎರಡು ಕಡೆಯ ಬಾಗಿಲುಗಳ ನಡುವೆ ನಿಂತವನು ತಾನೇ ಕಲಿಯದೆ ಇನ್ನೇನು ಮಾಡಿಯಾನು? ನಮ್ಮಲ್ಲಿ ಅನೇಕರಿಗೆ ಸ್ವಂತ ಕಲಿಕೆ ಆಯ್ಕೆಯಾಗಿರಲಿಲ್ಲ, ಉಳಿದಿದ್ದ ಒಂದೇ ದಾರಿಯಾಗಿತ್ತು.

ಎರಡು ಕೈಯ ವಿದ್ಯೆ

ಇದೇ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಮೂರನೆಯದೊಂದು ಕಲಿಕೆ ನಡೆದಿತ್ತು. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಿಯಾನೊ ಕಲಿತವರು. ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದರು. ಪಿಯಾನೊ ಕಲಿಕೆಯಲ್ಲಿ ಮೊದಲ ಪಾಠವೇ ಎರಡು ಕೈಗಳನ್ನು ಬೇರ್ಪಡಿಸುವುದು. ಬಲಗೈ ರಾಗ ಹೇಳುವಾಗ ಎಡಗೈ ತನ್ನದೇ ಮಾತು ಆಡಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಕೆಳಗೆ ತೂರಿಸಿ ಇಡೀ ಸ್ಥಾಯಿ ದಾಟಬೇಕು. ಬರೆದದ್ದನ್ನು ನೋಡಿದ ಕೂಡಲೇ ನುಡಿಸಬೇಕು.

ಹಾಗಾಗಿ ನಮ್ಮ ನಾಡಿನಲ್ಲಿ ಒಂದೇ ಬಗೆಯ ಮನೆಗಳ ಮುಂದೆ ಮೂರು ಬಗೆಯ ಜನರಿದ್ದರು. ಎರಡು ಕೈಯಲ್ಲಿ ಪಿಯಾನೊ ಕಲಿತ ಕೆಲವರು, ಒಂದೇ ಕೈಯ ಹಾರ್ಮೋನಿಯಂನವರು, ರಾಗ ಬಲ್ಲರೂ ಆ ಮನೆಗಳನ್ನು ಮುಟ್ಟದ ವಿದ್ವಾಂಸರು. ಮೂವರನ್ನೂ ಒಂದೇ ವೇದಿಕೆಗೆ ತಂದದ್ದು ವಿದ್ಯುತ್ತು.

ಮೂಗ್‌ನಿಂದ ಕ್ಯಾಸಿಯೊವರೆಗೆ

ಅಮೆರಿಕದ ರಾಬರ್ಟ್ ಮೂಗ್ ತಮ್ಮ ಸಿಂಥಸೈಸರನ್ನು ಜಗತ್ತಿಗೆ ತೋರಿಸಿದ್ದು 1964ರಲ್ಲಿ. ತಂತಿಯಿಲ್ಲ, ರೀಡಿಲ್ಲ, ವಿದ್ಯುತ್ತಿನಿಂದಲೇ ನಾದ. ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದ್ದ ವೆಂಡಿ ಕಾರ್ಲೋಸ್ 1968ರಲ್ಲಿ ಈ ಯಂತ್ರದಲ್ಲಿ ಬಾಕ್‌ನ ಕೃತಿಗಳನ್ನು ನುಡಿಸಿ ಜಗತ್ತಿಗೆ ಕೇಳಿಸಿದರು. ಇತ್ತ ಗ್ರೀಸಿನ ವಾಂಗೆಲಿಸ್ ತಾವೇ ಕಲಿತವರು. ಸ್ವರಲಿಪಿ ಓದಲು ಬಾರದವರು. ‘ಚಾರಿಯಟ್ಸ್ ಆಫ್ ಫೈರ್’ ಚಿತ್ರಕ್ಕೆ ಸಿಂಥಸೈಸರ್ ಸಂಗೀತ ಕೊಟ್ಟು 1982ರಲ್ಲಿ ಆಸ್ಕರ್ ಪಡೆದರು. ಹೊಸ ವಾದ್ಯಕ್ಕೆ ಹಳೆಯ ಗುರುಗಳೇ ಇರಲಿಲ್ಲ. ಗುಂಡಿ ತಿರುಗಿಸಿ ನಾದ ಕಟ್ಟುವ ಕೆಲಸದಲ್ಲಿ ಕಾಲೇಜು ಓದಿದವರೂ ಓದದವರೂ ಮೊದಲ ಪಾಠದಿಂದಲೇ ಶುರು ಮಾಡಬೇಕಾಯಿತು.

ನಮ್ಮ ದೇಶದಲ್ಲಿ ಮುಂಬೈ ಚಿತ್ರಸಂಗೀತಕ್ಕೆ ಮೂಗ್ ತಂದ ಮೊದಲಿಗರಲ್ಲಿ ಕೆರ್ಸಿ ಲಾರ್ಡ್ ಒಬ್ಬರು. ಮುಂಬೈಯ ಇನ್ನೊಬ್ಬ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಅದನ್ನು ಕೇಳಿದವರು ಕಡಿಮೆ. ದಶಕಗಳ ನಂತರ ಯುರೋಪಿನವರು ಹುಡುಕಿ ತೆಗೆದು ಮೆಚ್ಚಿದರು.

ದಕ್ಷಿಣದ ಕಥೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಇಳಯರಾಜಾ ತಮಿಳುನಾಡಿನ ಹಳ್ಳಿಯಿಂದ ಬಂದವರು. ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ಸುತ್ತಿ ಹಾರ್ಮೋನಿಯಂ ನುಡಿಸಿದವರು. ಮದ್ರಾಸಿಗೆ ಬಂದ ಮೇಲೆ ಧನರಾಜ್ ಮಾಸ್ಟರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಕನ್ನಡದ ನೂರಾರು ಹಾಡುಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ದುಡಿದರು. ಎ.ಆರ್. ರೆಹಮಾನ್ ಅವರ ತಂದೆ ಆರ್.ಕೆ. ಶೇಖರ್ 1976ರಲ್ಲಿ ತೀರಿಕೊಂಡಾಗ ಮಗನಿಗೆ ಒಂಬತ್ತು ವರ್ಷ. ತಂದೆ ಬಿಟ್ಟು ಹೋದ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯಿತು. ಆ ಹುಡುಗ ಓದು ಅರ್ಧಕ್ಕೆ ಬಿಟ್ಟು ಸ್ಟುಡಿಯೊಗಳಲ್ಲಿ ಕೀಬೋರ್ಡ್ ನುಡಿಸಿದ, ಇಳಯರಾಜಾ ಅವರ ಬಳಿಯೂ ನುಡಿಸಿದ, ಅದೇ ಧನರಾಜ್ ಮಾಸ್ಟರರಲ್ಲಿ ಕಲಿತ. 1992ರ ‘ರೋಜಾ’ದಿಂದ ಮುಂದಿನದು ಎಲ್ಲರಿಗೂ ಗೊತ್ತು. ಇವರಿಬ್ಬರನ್ನು ಸ್ವಂತ ಕಲಿತವರೆನ್ನಬೇಕೇ, ಗುರುಮುಖದಿಂದ ಕಲಿತವರೆನ್ನಬೇಕೇ? ಹೊಟ್ಟೆಪಾಡಿಗೆ ಕಿವಿಯಿಂದ ಕಲಿತರು, ಅವಕಾಶ ಸಿಕ್ಕಾಗ ಗುರುವನ್ನು ಹುಡುಕಿಕೊಂಡು ಹೋದರು. ನನ್ನ ಮಾಮುವಿಗೂ ಅವರಿಗೂ ಪ್ರತಿಭೆಯಲ್ಲಿ ಅಂತರವಿದೆ, ನಿಜ. ಜೊತೆಗೆ ಮದ್ರಾಸಿನಲ್ಲಿ ಧನರಾಜ್ ಮಾಸ್ಟರರಿದ್ದರು, ಹೊಳೆನರಸೀಪುರದಲ್ಲಿ ಇರಲಿಲ್ಲ.

ಜಪಾನಿನ ಕ್ಯಾಸಿಯೊ ಕಂಪನಿ ತನ್ನ ಮೊದಲ ಕೀಬೋರ್ಡ್ ಹೊರತಂದದ್ದು 1980ರಲ್ಲಿ. 1983ರಲ್ಲಿ ಯಮಹಾದ ಡಿಎಕ್ಸ್-7 ಬಂತು. ದೊಡ್ಡ ಸ್ಟುಡಿಯೊಗಳಿಗೆ ಡಿಎಕ್ಸ್-7, ನಮ್ಮಂಥ ಊರುಗಳಿಗೆ ಕ್ಯಾಸಿಯೊ. ಯಾವ ಕಂಪನಿಯದಾದರೂ ನಮ್ಮವರ ಬಾಯಲ್ಲಿ ಅದು ಕ್ಯಾಸಿಯೊ. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ದ ಹಾಡುಗಳು ಬಂದ ಮೇಲಂತೂ ಕೀಬೋರ್ಡ್ ಇಲ್ಲದ ಆರ್ಕೆಸ್ಟ್ರಾವನ್ನು ಯಾರೂ ಕರೆಯದ ಸ್ಥಿತಿ ಬಂತು.

ವೇದಿಕೆಯ ಮೇಲಿನ ಹೋಲಿಕೆ

ಚಿಕ್ಕಂದಿನಲ್ಲಿ ಮಾಮುವಿನ ಕೀಬೋರ್ಡ್ ಸ್ಟ್ಯಾಂಡ್ ಹೊರಲು ನಾನು ಹೋಗುತ್ತಿದ್ದೆ. ಹಾಗಾಗಿ ವೇದಿಕೆಯ ಹಿಂದಿನಿಂದ ಹಲವರನ್ನು ನೋಡಿದ್ದೇನೆ.

ಸ್ವಂತ ಕಲಿತವರ ಮೊದಲ ಗುರುತು ‘ಟ್ರಾನ್ಸ್‌ಪೋಸ್’ ಗುಂಡಿ. ಬೆರಳಿಗೆ ಪಳಗಿದ ಒಂದೆರಡು ಶ್ರುತಿಗಳಲ್ಲೇ ಎಲ್ಲ ಹಾಡು ನುಡಿಸುತ್ತಾರೆ. ಹಾಡುವವರ ಶ್ರುತಿ ಬೇರೆಯಾದರೆ ಗುಂಡಿ ಒತ್ತಿ ಯಂತ್ರವನ್ನೇ ಸರಿಸುತ್ತಾರೆ. ಪಿಯಾನೊ ಕಲಿತವರು ಇದನ್ನು ಕಂಡು ನಗುತ್ತಾರೆ, ಅವರಿಗೆ ಹನ್ನೆರಡು ಶ್ರುತಿಗಳೂ ಒಂದೇ. ಆದರೆ ಹಾಡುಗಾರ ನೆಗಡಿಯಿಂದ ಅರ್ಧ ಮನೆ ಇಳಿದರೆ ಒಂದು ಕ್ಷಣದಲ್ಲಿ ಸರಿಪಡಿಸುವುದು ಗುಂಡಿಯೇ.

ಎರಡನೆಯದು ಕಿವಿ. ಹಾಡಿನ ನಡುವೆ ಬರುವ ಸಂಗೀತದ ತುಣುಕುಗಳನ್ನು ಮಾಮು ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ಕೇಳಿ ಹಿಡಿಯುತ್ತಿದ್ದರು. ಕೊಳಲೋ ಪಿಟೀಲೋ ಯಾವ ನಾದವಿದೆ, ಅದಕ್ಕೆ ಕೀಬೋರ್ಡಿನ ಯಾವ ನಂಬರು ಹತ್ತಿರ, ಎಲ್ಲ ತಲೆಯಲ್ಲೇ. ನಾಲ್ಕೈದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಚೀಟಿಯೂ ಇರುತ್ತಿರಲಿಲ್ಲ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಮುಗಿಸಿ ಕೀಬೋರ್ಡ್ ಹಿಡಿದ ಒಬ್ಬರು ಚನ್ನರಾಯಪಟ್ಟಣದ ಕಡೆಯ ಕಾರ್ಯಕ್ರಮಗಳಿಗೆ ಬರುತ್ತಿದ್ದರು. ಹಾಡು ಯಾವ ರಾಗದ ನೆರಳಿನಲ್ಲಿದೆ ಎಂದು ತಟ್ಟನೆ ಹೇಳಬಲ್ಲರು. ಗಾಯಕ ದಾರಿ ತಪ್ಪಿದರೆ ಕೈಹಿಡಿದು ತರಬಲ್ಲರು. ಭಕ್ತಿಗೀತೆಗಳಲ್ಲಿ ಅವರ ಬೆರಳಿಗೆ ಸಾಟಿಯಿರಲಿಲ್ಲ. ಡಿಸ್ಕೊ ಹಾಡು ಬಂದರೆ ಮಾತ್ರ ಮಾಮುವಿನ ಕಡೆ ನೋಡುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ‘ಸಾರ್’ ಎಂದೇ ಕರೆಯುತ್ತಿದ್ದರು.

ಮೂರನೆಯದು ಎಡಗೈ. ತಿದಿ ಒತ್ತುವ ಕೆಲಸದಿಂದ ಬಿಡುಗಡೆಯಾದ ಎಡಗೈ ಏನು ಮಾಡಬೇಕು? ಪಿಯಾನೊದವರಿಗೆ ಉತ್ತರ ಸಿದ್ಧವಿತ್ತು. ಹಾರ್ಮೋನಿಯಂನಿಂದ ಬಂದವರಿಗೆ ಇರಲಿಲ್ಲ. ಮೊದಮೊದಲು ಮಾಮುವಿನ ಎಡಗೈ ಅಭ್ಯಾಸಬಲದಿಂದ ಕೀಬೋರ್ಡಿನ ಹಿಂಭಾಗಕ್ಕೆ ಹೋಗುತ್ತಿತ್ತಂತೆ. ಆಮೇಲೆ ಆಟೊ ಕಾರ್ಡ್ ಗೊತ್ತಾಯಿತು. ಎಡಗಡೆ ಒಂದೆರಡು ಮನೆ ಒತ್ತಿದರೆ ಯಂತ್ರವೇ ಕಾರ್ಡನ್ನೂ ತಾಳವನ್ನೂ ಕಟ್ಟಿಕೊಡುತ್ತಿತ್ತು. ಆದರೆ ಯಾವ ಸ್ವರದ ಕೆಳಗೆ ಯಾವ ಕಾರ್ಡ್ ಕೂರುತ್ತದೆಂಬ ಶಾಸ್ತ್ರ ಗೊತ್ತಿಲ್ಲದೆ ಅವರು ವರ್ಷಗಟ್ಟಲೆ ತಡಕಾಡಿದರು. ಇಲ್ಲಿ ಗುರುವಿನ ಕೊರತೆ ನಿಜವಾದ ಕೊರತೆ. ಆರು ತಿಂಗಳಲ್ಲಿ ಯಾರಾದರೂ ಕಲಿಸಬಹುದಾಗಿದ್ದನ್ನು ಕಂಡುಕೊಳ್ಳಲು ಅವರಿಗೆ ಆರು ವರ್ಷ ಹಿಡಿಯಿತು. ಸ್ವಂತ ಕಲಿಕೆಯನ್ನು ಹೊಗಳುವವರು ಈ ಕಳೆದ ವರ್ಷಗಳ ಲೆಕ್ಕವನ್ನೂ ಹಾಕಬೇಕು.

ಕೊನೆಗೆ ಎಡಗೈಗೆ ನಮ್ಮದೇ ಆದ ಒಂದು ಕೆಲಸ ಸಿಕ್ಕಿತು. ಬಹಳಷ್ಟು ಸಿಂಥಸೈಸರುಗಳ ಎಡತುದಿಯಲ್ಲಿ ಒಂದು ಚಕ್ರವೋ ಕಡ್ಡಿಯೋ ಇರುತ್ತದೆ, ಪಿಚ್ ಬೆಂಡ್ ಎನ್ನುತ್ತಾರೆ. ಬಲಗೈ ಮನೆ ಒತ್ತಿರುವಾಗ ಅದನ್ನು ತಳ್ಳಿದರೆ ಸ್ವರ ಜಾರುತ್ತದೆ. ಗಿಟಾರಿನ ತಂತಿ ಎಳೆದ ಪರಿಣಾಮಕ್ಕೆಂದು ಪಾಶ್ಚಾತ್ಯರು ಬಳಸುತ್ತಿದ್ದ ಸಾಧನ ಅದು. ನಮ್ಮವರ ಕೈಗೆ ಬಂದು ಗಮಕದ ಸಾಧನವಾಯಿತು. ಹಾರ್ಮೋನಿಯಂ ಯಾವ ಕಾರಣಕ್ಕೆ ಕಛೇರಿಯ ಹೊರಗೆ ನಿಂತಿತ್ತೋ ಆ ಕಾರಣವೇ ಸಡಿಲವಾಯಿತು. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಪೂರ್ಣ ಪ್ರಮಾಣದ ಕರ್ನಾಟಕ ಸಂಗೀತ ಕಛೇರಿ ನಡೆಸಿ ಹೆಸರಾದರು. ಅದು ಕಠಿಣ ಶಿಕ್ಷಣದ ಫಲ. ಇತ್ತ ಮಾಮುವೂ ಶಹನಾಯಿಯ ನಾದ ಹಾಕಿಕೊಂಡು, ಎಡಗೈಯಲ್ಲಿ ಚಕ್ರ ತೂಗಿಸಿ, ಮದುವೆ ಮನೆಯವರನ್ನು ಅಳಿಸುತ್ತಿದ್ದರು. ಅದು ಕಿವಿಯ ಫಲ. ಎರಡೂ ಒಂದೇ ಚಕ್ರದ ಮೇಲಿನ ಕೆಲಸ.

ಇದೇ ಸಮಸ್ಯೆ ಅರಬ್ ದೇಶಗಳಲ್ಲೂ ಎದುರಾಯಿತು. ಅವರ ಮಕಾಮ್ ಪದ್ಧತಿಯಲ್ಲಿ ನಮ್ಮ ಎರಡು ಮನೆಗಳ ನಡುವೆ ಕೂರುವ ಸ್ವರಗಳಿವೆ. ಈಜಿಪ್ಟಿನ ಮಗ್ದಿ ಅಲ್ ಹುಸೇನಿ ಗಾಯಕ ಅಬ್ದೆಲ್ ಹಲೀಮ್ ಹಾಫಿಜ್ ಅವರ ವಾದ್ಯವೃಂದದಲ್ಲಿ ವಿದ್ಯುತ್ ಆರ್ಗನ್ ನುಡಿಸಿ ಹೆಸರಾದರು. ಮುಂದೆ ಕಂಪನಿಗಳೇ ಬೇಕಾದ ಸ್ವರವನ್ನು 50 ಸೆಂಟ್ಸ್ ಇಳಿಸಬಲ್ಲ ಕೀಬೋರ್ಡುಗಳನ್ನು ಅಲ್ಲಿಗಾಗಿ ತಯಾರಿಸಿದವು. ನಮ್ಮಲ್ಲಿಗೂ ತಬಲಾ, ತಂಬೂರಿ, ಸಿತಾರಿನ ನಾದವಿರುವ ಯಮಹಾ ಕೀಬೋರ್ಡುಗಳು ಬಂದವು.

ಖವ್ವಾಲಿಯನ್ನು ನೆನೆದರಂತೂ ಎರಡು ಗೆರೆಗಳ ಲೆಕ್ಕವೇ ತಪ್ಪುತ್ತದೆ. ನುಸ್ರತ್ ಫತೇ ಅಲಿ ಖಾನರ ತಮ್ಮ ಫರ್ರುಖ್ ಅವರ ಹಾರ್ಮೋನಿಯಂ ಕೇಳಿದವರು ಅದನ್ನು ಮರೆಯಲಾರರು. ಅದು ಮನೆತನದ ವಿದ್ಯೆ. ಕಾಗದದ ಪ್ರಮಾಣಪತ್ರವಿಲ್ಲ, ಆದರೆ ತಲೆಮಾರುಗಳ ಗುರುಪರಂಪರೆಯಿದೆ. ರುದ್ರಪಟ್ಟಣದ ಮನೆಗಳಲ್ಲಿ ಇದ್ದದ್ದೂ ಇದೇ ಅಲ್ಲವೇ? ಶಾಲೆಯವರು ಕೇಳಿದ ಮೂರು ಪ್ರಶ್ನೆಗಳಲ್ಲಿ ಎರಡನೆಯದಕ್ಕೆ ಇಂಥ ಹಳೆಯ ಮನೆತನದ ಅನೇಕ ದೊಡ್ಡವರೂ ಇಲ್ಲ ಎಂದೇ ಹೇಳಬೇಕಾಗುತ್ತಿತ್ತು.

ಈಗ

ಇಂದು ಆರ್ಕೆಸ್ಟ್ರಾದ ಜಾಗವನ್ನು ಬಹುಮಟ್ಟಿಗೆ ಟ್ರ್ಯಾಕ್ ಆಕ್ರಮಿಸಿದೆ. ಪೆನ್‌ಡ್ರೈವ್ ಚುಚ್ಚಿದರೆ ಇಡೀ ವಾದ್ಯವೃಂದ ನುಡಿಯುತ್ತದೆ, ಹಾಡುವವರು ಒಬ್ಬರಿದ್ದರೆ ಸಾಕು. ನಮ್ಮ ತಾಲ್ಲೂಕುಗಳ ಕೀಬೋರ್ಡಿನವರಲ್ಲಿ ಕೆಲವರು ಮೊಬೈಲ್ ಅಂಗಡಿ ಇಟ್ಟರು, ಕೆಲವರು ಆಟೊ ಓಡಿಸುತ್ತಾರೆ. ನಾಟಕದ ಹಾರ್ಮೋನಿಯಂ ಮೇಷ್ಟ್ರಿಗೆ ಅಕಾಡೆಮಿಯ ಪಟ್ಟಿಯಲ್ಲಾದರೂ ಒಂದು ಜಾಗವಿದೆ, ವಿದ್ವಾಂಸರಿಗೆ ಸಭೆಗಳಿವೆ. ಆರ್ಕೆಸ್ಟ್ರಾದವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬ ಯೋಚನೆಯನ್ನು ನಾವು ಮಾಡಿದಂತಿಲ್ಲ. ಅವರಲ್ಲಿ ಹಲವರಿಗೆ ಈಗ ಎಪ್ಪತ್ತರ ಹತ್ತಿರ. ಕ್ಯಾಸೆಟ್ ತಿರುಗಿಸಿ ಹಾಡು ಹಿಡಿದ ಆ ಬಗೆಯ ಕಿವಿ ಅವರೊಂದಿಗೇ ಹೋಗುತ್ತದೆ. ಒಂದು ಮೊಬೈಲ್ ಹಿಡಿದು ಅವರ ಮುಂದೆ ಕೂತು ದಾಖಲಿಸಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕಲಿಸುವ ಹುದ್ದೆಗೆ ಬಂದವರನ್ನು ಪ್ರಮಾಣಪತ್ರ ಕೇಳುವ ಮೊದಲು ಹತ್ತು ನಿಮಿಷ ನುಡಿಸಿ ಎನ್ನುವುದಕ್ಕಂತೂ ಖರ್ಚೇ ಇಲ್ಲ.

ಮಾಮುವಿನ ಮಗಳ ಮಗಳು ಹಾಸನದಲ್ಲಿ ಕೀಬೋರ್ಡ್ ಕಲಿಯುತ್ತಾಳೆ, ಟ್ರಿನಿಟಿಯ ಗ್ರೇಡ್ ಪರೀಕ್ಷೆ ಕಟ್ಟುತ್ತಾಳೆ. ಎರಡು ಕೈಗೂ ಬೇರೆ ಬೇರೆ ಕೆಲಸ, ಎದುರಿಗೆ ಬರೆದ ಹಾಳೆ. ಕಳೆದ ಈದ್‌ನಲ್ಲಿ ಅವಳು ಒಂದು ನಾತ್ ನುಡಿಸಲು ಹೊರಟಳು. ಸ್ವರಗಳೆಲ್ಲ ಸರಿಯಿದ್ದವು, ನಾತ್ ಮಾತ್ರ ಬರಲಿಲ್ಲ. ಮಾಮು ಪಕ್ಕಕ್ಕೆ ಕೂತರು. ಬಲಗೈಯಲ್ಲಿ ಒಂದು ಮನೆ ಒತ್ತಿ, ಎಡಗೈಯ ಹೆಬ್ಬೆರಳಿಂದ ಚಕ್ರವನ್ನು ಸ್ವಲ್ಪವೇ ತೂಗಿದರು. ಹುಡುಗಿ ಎರಡು ಸಲ ನೋಡಿದಳು, ಮೂರನೆಯ ಸಲ ತಾನೇ ಮಾಡಿದಳು. ಆಮೇಲೆ ಕೇಳಿದಳು, ‘ನಾನಾ, ಇದನ್ನ ಯಾರ ಹತ್ರ ಕಲಿತ್ರಿ?’

ಶಾಲೆಯವರು ಕೇಳಿದ್ದೂ ಇದನ್ನೇ. ಈ ಸಲ ಮಾಮು ಇಲ್ಲ ಎನ್ನಲಿಲ್ಲ. ನಾಟಕದ ಮೇಷ್ಟ್ರ ಹೆಸರು ಹೇಳಿದರು, ಚನ್ನರಾಯಪಟ್ಟಣಕ್ಕೆ ಬರುತ್ತಿದ್ದ ಸೀನಿಯರ್ ಸಾರ್ ಹೆಸರು ಹೇಳಿದರು, ಉರುಸಿನಲ್ಲಿ ಕೇಳಿದ ಖವ್ವಾಲರನ್ನು ನೆನೆದರು, ರೇಡಿಯೊ ಎಂದರು. ಪಟ್ಟಿ ಉದ್ದವಾಗುತ್ತಾ ಹೋಯಿತು. ಹುಡುಗಿ ಹಾಳೆಯ ಹಿಂಭಾಗದಲ್ಲಿ ಆ ನಾತಿನ ಸ್ವರಗಳನ್ನು ಬರೆದುಕೊಳ್ಳುತ್ತಿದ್ದಳು. ತೂಗುವ ಜಾಗಕ್ಕೆ ಬಂದಾಗ, ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ, ಒಂದು ಅಲೆಯಂಥ ಗೆರೆ ಎಳೆದಳು.